ಉಪ್ಪುನೀರಿನ ಈಜುಕೊಳದಲ್ಲಿ ಉಳಿದದ್ದು ಮೂರನೆಯ ಹೀಟರ್

ಮಡಿಕೇರಿ ಬಳಿಯ ನಮ್ಮ ಹೋಂಸ್ಟೇಯಲ್ಲಿ, ಗಾಳಿಯ ಶಾಖ ಎಳೆದು ಈಜುಕೊಳ ಬಿಸಿಮಾಡುವ ಹೀಟ್ ಪಂಪ್ ಮೂರನೆಯ ಮಳೆಗಾಲ ದಾಟಿದೆ. "ಉಪ್ಪು ಬಿಡಿ, ಇಲ್ಲವೇ ಬಿಸಿನೀರಿನ ಆಸೆ ಬಿಡಿ" ಎಂದಿದ್ದ ಪ್ಲಂಬರ್ ಈಗ ತನ್ನ ಗಿರಾಕಿಗಳನ್ನು ಕರೆತಂದು ನಮ್ಮ ಪಂಪ್ ರೂಮ್ ತೋರಿಸುತ್ತಾನೆ.

ಕೊಳ ಸುಮಾರು 60,000 ಲೀಟರಿನದು, ಕ್ಲೋರಿನ್ ತಯಾರಿಗೆ ಬೆರೆಸಿದ ಉಪ್ಪು 3,500 ಪಿಪಿಎಂ (ಲೀಟರಿಗೆ ಮೂರೂವರೆ ಗ್ರಾಂ) ಆಸುಪಾಸು. ಸಮುದ್ರದ ಹತ್ತರಲ್ಲೊಂದು ಪಾಲು ಏನು ಮಾಡೀತು ಎಂದುಕೊಂಡು ತಾಮ್ರದ ಸುರುಳಿಯ ಹಳೆಯ ಹೀಟ್ ಪಂಪ್ ಒಂದನ್ನು 90,000 ರೂಪಾಯಿಗೆ ತಂದೆ. ಏಳೆಂಟು ತಿಂಗಳಿಗೆ ಮೆಟ್ಟಿಲಿನ ಬಿಳಿ ಟೈಲ್ಸ್ ಮೇಲೆ ನೀಲಿ-ಹಸಿರು ಕಲೆ. ಪಾಚಿಯೆಂದು ಉಜ್ಜಿಸಿದೆ, ಕ್ಲೋರಿನ್ ಏರಿಸಿದೆ. ಕರಗಿ ಬರುತ್ತಿದ್ದದ್ದು ನನ್ನ ಸುರುಳಿಯೇ! ಕೊನೆಗೆ ತೂತು ಬಿದ್ದು, ಹೀಟ್ ಪಂಪಿನ ಗ್ಯಾಸ್ ಲೈನಿಗೆ ನೀರು ನುಗ್ಗಿ ಕಂಪ್ರೆಸರ್ ಕೂಡ ಹೋಯಿತು. ತಪ್ಪು ನಮ್ಮದೂ ಇತ್ತು: ನೀರಿನ ಕ್ಷಾರ ಇಳಿಸುವ ಆಸಿಡ್ಡನ್ನು ಆಳು ನೇರ ಸ್ಕಿಮ್ಮರಿಗೇ (ಕೊಳದ ನೀರನ್ನು ಪಂಪಿಗೆ ಎಳೆದುಕೊಳ್ಳುವ ಬಾಯಿ) ಸುರಿಯುತ್ತಿದ್ದ, ಉಪ್ಪಿನಿಂದ ಕ್ಲೋರಿನ್ ಮಾಡುವ ಕ್ಲೋರಿನೇಟರ್ ಸೆಲ್ ಹೀಟರಿಗಿಂತ ಮೊದಲೇ ಕುಳಿತಿತ್ತು. ಎರಡೂ ನೇರ ಸುರುಳಿಗೇ ಹೋಗುತ್ತಿದ್ದವು.

ಎರಡನೆಯದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ವಿದ್ಯುತ್ ಹೀಟರ್, 40,000. ಐದು ತಿಂಗಳಿಗೆ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು. ಬ್ರೇಕರ್ ಬಿದ್ದದ್ದರಿಂದ ಬಚಾವಾದೆವು. ಅದರ ಕರೆಂಟ್ ಬಿಲ್ ನೆನೆದರೆ ಮಡಿಕೇರಿಯ ಚಳಿಯಲ್ಲೂ ಬೆವರುತ್ತೇನೆ.

ಆಮೇಲೆ ಅಂಗಡಿಯವರ ಮಾತು ನಂಬುವುದನ್ನು ಬಿಟ್ಟೆ. ತಾಮ್ರ, 304, ಅದಕ್ಕಿಂತ ಮೇಲಿನ ದರ್ಜೆಯ ಸ್ಟೀಲ್ 316, ಟೈಟಾನಿಯಂ ತುಂಡುಗಳನ್ನು ನೈಲಾನ್ ದಾರದಲ್ಲಿ ಕಟ್ಟಿ ಕೊಳದ ಹೆಚ್ಚುವರಿ ನೀರು ನಿಲ್ಲುವ ಬ್ಯಾಲೆನ್ಸ್ ಟ್ಯಾಂಕಿನಲ್ಲಿ ನಾಲ್ಕು ತಿಂಗಳು ಇಳಿಬಿಟ್ಟೆ. 304 ತುಕ್ಕು ಹಿಡಿದದ್ದು ಬಯಲಲ್ಲಲ್ಲ, ದಾರದ ಗಂಟಿನ ಅಡಿಯಲ್ಲಿ. 316ಕ್ಕೂ ಗಂಟಿನಡಿ ಕಂದು ಛಾಯೆ. ಟೈಟಾನಿಯಂ ಹಾಕಿದ ಹಾಗೆಯೇ ಇತ್ತು.

17 ಕಿಲೋವ್ಯಾಟ್ ಟೈಟಾನಿಯಂ ಹೀಟ್ ಪಂಪಿಗೆ 2.8 ಲಕ್ಷ ಆಯಿತು. ಒಬ್ಬರು 70,000 ಕಡಿಮೆಗೆ "ಟೈಟಾನಿಯಂ ಲೇಪನ"ದ್ದು ಕೊಡುತ್ತೇನೆಂದರು, ಬೇಡವೆಂದೆ. ಅಪ್ಪಟ ಟೈಟಾನಿಯಮ್ಮೇ ಎಂದು ತಿಳಿಯಲು ಅಯಸ್ಕಾಂತ ಇಟ್ಟು ನೋಡಬೇಡಿ, ಅದು 304ಕ್ಕೂ ಅಂಟುವುದಿಲ್ಲ. ಕೊಳವೆಯ ತುಂಡು ಕೇಳಿ ಗ್ರೈಂಡರಿಗೆ ಹಿಡಿಯಿರಿ, ಕಣ್ಣು ಕುಕ್ಕುವ ಬಿಳಿ ಕಿಡಿ ಬರಬೇಕು. ಈಗ ನೀರು ಹರಿಯುವ ಕ್ರಮ: ಫಿಲ್ಟರ್, ಹೀಟರ್, ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್, ಕಡೆಗೆ ಸೆಲ್. ಆಸಿಡ್ ಎಷ್ಟು, ಯಾವ ಹೊತ್ತಿಗೆ ಎಂಬ ಲೆಕ್ಕ ನನ್ನ ಬಳಿಯೇ ಇರಲಿ, ಪ್ಲಂಬರಿಗೂ ಹೇಳಿಲ್ಲ.

ನಡುವೆ ಸೋಲಾರ್ ಚಾಪೆಯನ್ನೂ ಹಾಸಿ ನೋಡಿದೆ. ಫೆಬ್ರವರಿಯಲ್ಲಿ ಪರವಾಗಿಲ್ಲ, ಜೂನ್ ಬಂದರೆ ಕೊಡಗಿನಲ್ಲಿ ಸೂರ್ಯನೇ ಇಲ್ಲ. ಅದಕ್ಕಿಂತ ನೀರಿನ ಮೇಲೆ ಹಾಸುವ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹೊದಿಕೆ ಲೇಸು, ರಾತ್ರಿ ಎರಡೂವರೆ ಡಿಗ್ರಿ ಇಳಿಯುತ್ತಿದ್ದ ನೀರು ಈಗ ಒಂದೇ ಡಿಗ್ರಿ ಇಳಿಯುತ್ತದೆ. 19ರಿಂದ 27 ಡಿಗ್ರಿಗೆ ಏರಲು ಒಂದೂವರೆ ದಿನ, ನೂರೈವತ್ತು ಯೂನಿಟ್.

ಸುರುಳಿ ಇನ್ನೂ ಹೊಸದರಂತಿದೆ. ಪಂಪ್ ರೂಮಿನ ಬಾಗಿಲಿನ ಬಿಜಾಗರಿ ಮಾತ್ರ ತುಕ್ಕು ತಿಂದು ಕಳಚಿಬಿತ್ತು. ಆಸಿಡ್ ಕ್ಯಾನನ್ನು ಹೊರಗಿಡಬೇಕಿತ್ತು.