ಡೋನರ್ ಕಾರಿನಿಂದ ಮೊದಲ ಗಿರಾಕಿಯವರೆಗೆ: ಸಣ್ಣ ಕಂಪನಿಯಲ್ಲಿ ಕಿಟ್ ಕಾರ್ ತಯಾರಿ

ಕಿಟ್ ಕಾರ್ ಕಂಪನಿಯ ಕೊನೆಯ ಕೆಲಸಗಾರ ಅದರ ಗಿರಾಕಿಯೇ. ಕಂಪನಿ ಮಾರುವುದು ಚಾಸಿ, ಬಾಡಿಗಳ ಬಿಡಿಭಾಗ; ಎಂಜಿನ್ ಮುಂತಾದವನ್ನು 'ಡೋನರ್' ಎಂಬ ಹಳೆಯ ಕಾರಿನಿಂದ ಬಿಚ್ಚಿ, ಎಲ್ಲ ಜೋಡಿಸಿಕೊಳ್ಳುವವನು ಕೊಂಡವನೇ. ಅವನಿಗಿರುವುದು ಒಂದು ಕಾರು ಹಿಡಿಸುವ ಗ್ಯಾರೇಜು, ನಾಲ್ಕು ಜ್ಯಾಕ್ ಸ್ಟ್ಯಾಂಡು, ಒಂದು ಸ್ಪ್ಯಾನರ್ ಪೆಟ್ಟಿಗೆ, ಶನಿವಾರ ಭಾನುವಾರದ ಬಿಡುವು. ಕಾರಿನ ವಿನ್ಯಾಸದ ಪ್ರತಿ ತೀರ್ಮಾನವನ್ನೂ ಆ ಗ್ಯಾರೇಜಿನಲ್ಲಿ ನಿಂತು ತೆಗೆದುಕೊಳ್ಳಬೇಕು.

ಇಲ್ಲಿನ ವಿವರಗಳೆಲ್ಲ ಇಂಗ್ಲೆಂಡಿಗೆ ಸೇರಿದವು. ಈ ಉದ್ಯಮ ಬೇರೂರಿದ್ದೂ ಅಲ್ಲೇ. 1957ರ ಲೋಟಸ್ ಸೆವೆನ್‌ನಂಥ ಕಾರುಗಳನ್ನು ಬಿಡಿಭಾಗಗಳಾಗಿ ಕೊಂಡರೆ ಪರ್ಚೇಸ್ ಟ್ಯಾಕ್ಸ್ ತಪ್ಪುತ್ತಿತ್ತು. 1973ರಲ್ಲಿ ವ್ಯಾಟ್ ಬಂದಮೇಲೆ ಆ ಲಾಭ ಹೋಯಿತು, ಹುಚ್ಚು ಮಾತ್ರ ಉಳಿಯಿತು. ಇದನ್ನು ಬೆಂಗಳೂರಿನಲ್ಲಿ ಹಾಗೇ ಮಾಡಲು ಹೊರಡಬೇಡಿ. ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿತು. ಆದರೆ ಜಿಗ್ (ವೆಲ್ಡ್ ಮಾಡುವಾಗ ತುಂಡುಗಳನ್ನು ಜಾಗದಲ್ಲಿ ಹಿಡಿದಿಡುವ ಚೌಕಟ್ಟು), ಅಚ್ಚು, ಸ್ಪ್ರಿಂಗಿನ ಲೆಕ್ಕ ಯಾವ ಊರಲ್ಲಾದರೂ ಒಂದೇ. ಕಾಲೇಜಿನ ರೇಸ್ ಕಾರ್ ತಂಡಗಳಿಗೂ ಇದು ಉಪಯೋಗಕ್ಕೆ ಬರುತ್ತದೆ.

ಡೋನರ್ ಆಯ್ಕೆ

ಮಾಜ್ಡಾ ಎಂಎಕ್ಸ್-5ರ ಮೊದಲೆರಡು ತಲೆಮಾರು, ಅಂದರೆ 1989ರಿಂದ 2005ರವರೆಗಿನವು, ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಇವುಗಳ ಸಿಲ್ (ಬಾಗಿಲ ಕೆಳಗಿನ ತೊಲೆ) ಮತ್ತು ಹಿಂಚಕ್ರದ ಕಮಾನು ತುಕ್ಕು ಹಿಡಿದು ಬಾಡಿ ಸಾಯುತ್ತದೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಇನ್ನೂ ಗಟ್ಟಿಯಾಗಿರುತ್ತವೆ. ಎಂಜಿನ್ ಮುಂದೆ, ಎಳೆತ ಹಿಂದೆ, ನಾಲ್ಕೂ ಕಡೆ ಮೇಲೊಂದು ಕೆಳಗೊಂದು ತೋಳಿನ ಡಬಲ್ ವಿಶ್‌ಬೋನ್. ಗೇರ್‌ಬಾಕ್ಸಿನಿಂದ ಡಿಫರೆನ್ಶಿಯಲ್‌ವರೆಗೆ ಒಂದು ಅಲ್ಯೂಮಿನಿಯಂ ತೊಲೆ ಎರಡನ್ನೂ ಹಿಡಿದಿರುತ್ತದೆ. ಬಾಡಿಯನ್ನು ಮೇಲೆತ್ತಿದರೆ ಯಂತ್ರಭಾಗವೆಲ್ಲ ಒಂದೇ ತುಂಡಾಗಿ ನೆಲದ ಮೇಲೆ ಉಳಿಯುತ್ತದೆ. ನಿಮ್ಮ ಚಾಸಿಯನ್ನು ಅದರ ಮೇಲೆ ಇಳಿಸಿ ಬೋಲ್ಟ್ ಹಾಕುವಂತೆ ವಿನ್ಯಾಸ ಮಾಡಿದರೆ ಸಸ್ಪೆನ್ಶನ್ನಿನ ಅಳತೆಗಳೆಲ್ಲ ಪುಕ್ಕಟೆ ಸಿಕ್ಕಂತೆ.

ಒಂದೇ ಡೋನರ್ ಅಳೆದು ಚಾಸಿ ಬರೆಯಬೇಡಿ. ಕನಿಷ್ಠ ಮೂರು ತನ್ನಿ, ಅದರಲ್ಲಿ ಒಂದು ಅಪಘಾತವಾಗಿ ರಿಪೇರಿ ಆದದ್ದಿರಲಿ. ಸಬ್‌ಫ್ರೇಮಿನ (ಸಸ್ಪೆನ್ಶನ್ ಹೊತ್ತ ಒಳಚೌಕಟ್ಟಿನ) ಬೋಲ್ಟ್ ತೂತುಗಳ ನಡುವಿನ ಅಂತರ ಕಾರಿನಿಂದ ಕಾರಿಗೆ ಒಂದೆರಡು ಮಿಲಿಮೀಟರ್ ಅತ್ತಿತ್ತ ಆಗುತ್ತದೆ. ಒಂದು ತೂತನ್ನು ಸರಿಯಾಗಿ ಕೂರುವಂತೆ ಇಟ್ಟು ಮಿಕ್ಕವನ್ನು ಉದ್ದುದ್ದ ಸ್ಲಾಟ್ ಮಾಡಿ, ದಪ್ಪ ವಾಷರ್ ಕೊಡಿ. ಆರಂಭದ 1.6 ಲೀಟರ್ ಕಾರುಗಳ ಡಿಫರೆನ್ಶಿಯಲ್ 1.8ರದ್ದಕ್ಕಿಂತ ಚಿಕ್ಕದು, ಪ್ರೊಪೆಲ್ಲರ್ ಶಾಫ್ಟಿನ ಜೋಡಣೆಯೂ ಬೇರೆ. ಯಾವುದಕ್ಕೆ ಕಿಟ್ ಹೊಂದುತ್ತದೆ, ಯಾವುದಕ್ಕಿಲ್ಲ ಎಂಬುದನ್ನು ಮೊದಲ ಜಾಹೀರಾತಿನಲ್ಲೇ ಬರೆಯಿರಿ. 'ಎಲ್ಲಕ್ಕೂ ಹೊಂದುತ್ತದೆ' ಎಂದವರು ಆಮೇಲೆ ವರ್ಷಗಟ್ಟಲೆ ಫೋನಿಗೆ ಉತ್ತರಿಸುತ್ತಾ ಕೂರುತ್ತಾರೆ.

ಬಿಚ್ಚುವಾಗ ಕೈಕೊಡುವುದು ಕೆಳತೋಳಿನ ಉದ್ದ ಬೋಲ್ಟುಗಳು. ಚಕ್ರದ ಓರೆಗಳನ್ನು (ಕ್ಯಾಂಬರ್, ಕ್ಯಾಸ್ಟರ್) ಹೊಂದಿಸುವ ಕ್ಯಾಮ್ ಇರುವುದು ಅವುಗಳಲ್ಲೇ, ಬುಶ್ಶಿನ ಒಳಕೊಳವೆಗೆ ತುಕ್ಕು ಕಟ್ಟಿ ಕಚ್ಚಿಕೊಳ್ಳುವುದೂ ಅವೇ. ಅವುಗಳನ್ನು ಕತ್ತರಿಸಿ ಹೊಸದು ಹಾಕುವುದನ್ನು ಕೈಪಿಡಿಯ ಖರ್ಚಿನ ಪಟ್ಟಿಯಲ್ಲೇ ಸೇರಿಸಿ. ಎರಡನೇ ತಲೆಮಾರಿನ ಕಾರಿನಲ್ಲಿ ಸರಿಯಾದ ಬೀಗದ ಕೈ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ಇಮ್ಮೊಬಿಲೈಸರ್ ಇರುವುದರಿಂದ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಬೀಗದ ಕೈ, ಇಮ್ಮೊಬಿಲೈಸರ್ ಡಬ್ಬಿ ಮೂರನ್ನೂ ಒಂದೇ ಕಾರಿನಿಂದ ತೆಗೆದಿಡಬೇಕು. ವೈರಿಂಗ್ ಕತ್ತರಿಸುವ ಮೊದಲು ಪ್ರತಿ ಕನೆಕ್ಟರಿಗೂ ಚೀಟಿ ಕಟ್ಟಿ. ಎಂಜಿನ್ ಓಡುವುದನ್ನು ನೋಡಿಕೊಂಡೇ ಒಂದೊಂದು ಕವಲನ್ನು ಕಳೆಯುತ್ತಾ ಹೋಗಿ.

ಚಾಸಿ ಮತ್ತು ಜಿಗ್

ಮುಖ್ಯ ಕೊಳವೆಗಳಿಗೆ 38 ಮಿಮೀ ವ್ಯಾಸದ 2 ಮಿಮೀ ದಪ್ಪದ್ದು, ಅಡ್ಡಗಟ್ಟು ಮೂಲೆಗಟ್ಟುಗಳಿಗೆ 25 ಮಿಮೀ ಚೌಕದ 1.6 ಮಿಮೀ ದಪ್ಪದ್ದು ಒಳ್ಳೆಯ ಆರಂಭ. ಬ್ರಾಕೆಟ್‌ಗಳನ್ನು 3 ಮಿಮೀ ಹಾಳೆಯಲ್ಲಿ ಲೇಸರ್ ಕಟಿಂಗ್ ಮಾಡಿಸಿ, ಒಂದರ ನಾಲಿಗೆ ಇನ್ನೊಂದರ ಸ್ಲಾಟಿನಲ್ಲಿ ಕೂರುವಂತೆ ಇಟ್ಟುಬಿಡಿ. ವೆಲ್ಡರ್ ಯಾರೇ ಇರಲಿ, ತುಂಡು ತನ್ನ ಜಾಗದಲ್ಲೇ ಕೂರುತ್ತದೆ. ಸಬ್‌ಫ್ರೇಮ್ ಹಿಡಿಯುವ ಬಿಂದುಗಳನ್ನು ಜಿಗ್‌ನಲ್ಲಿ ಡೋವೆಲ್ ಪಿನ್ ಹಾಕಿ ಅರ್ಧ ಮಿಲಿಮೀಟರಿನೊಳಗೆ ಹಿಡಿಯಬೇಕು. ಡ್ಯಾಶ್‌ಬೋರ್ಡಿನ ಆಧಾರ ಎರಡು ಮಿಲಿಮೀಟರ್ ಸರಿದರೂ ಯಾರೂ ಕೇಳುವುದಿಲ್ಲ.

ಇಡೀ ಚೌಕಟ್ಟನ್ನು ಮೊದಲು ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡ್) ಹಾಕಿ ನಿಲ್ಲಿಸಿ. ಪೂರ್ಣ ವೆಲ್ಡಿಂಗನ್ನು ನಡುವಿನಿಂದ ತುದಿಗಳ ಕಡೆಗೆ, ಎಡಕ್ಕೊಂದು ಬಲಕ್ಕೊಂದು ಎಂದು ತಿರುಗಿಸಿ ಮಾಡಿ. ಒಂದೇ ಬದಿ ಮುಗಿಸಿದರೆ ಕಬ್ಬಿಣ ಆ ಬದಿಗೆ ಎಳೆದುಕೊಳ್ಳುತ್ತದೆ. ಜಿಗ್‌ನಿಂದ ಬಿಚ್ಚಿದ ಕ್ಷಣ ಬಾಳೆಕಾಯಿ ಆಕಾರ ಕಾಣಿಸುತ್ತದೆ. ಪೌಡರ್ ಕೋಟಿಂಗಿಗೆ ಕಳಿಸುವಾಗ ಬೋಲ್ಟ್ ಕೂರುವ ಮುಖಗಳನ್ನು ಮುಚ್ಚಿಸಿ. ಬಣ್ಣದ ಪದರ ಒತ್ತಡಕ್ಕೆ ನಿಧಾನವಾಗಿ ಹಿಂಡಿಹೋಗುತ್ತದೆ, ಬೋಲ್ಟಿನ ಬಿಗಿ ಇಳಿಯುತ್ತದೆ. ನೂರು ಕಿಲೋಮೀಟರ್ ಆದಮೇಲೆ ಕೆಳಗಿನಿಂದ ಟಕ್ ಟಕ್ ಸದ್ದು ಬರುವುದು ಹೀಗೆ.

ಮೊದಲ ಚಾಸಿಯನ್ನು ತಿರುಚಿ ನೋಡದೆ ಮುಂದೆ ಹೋಗಬಾರದು. ಹಿಂದಿನ ಸಬ್‌ಫ್ರೇಮ್ ಬಿಂದುಗಳನ್ನು ನೆಲಕ್ಕೆ ಬಿಗಿಯಿರಿ. ಮುಂದುಗಡೆ ನಡುಗೆರೆಯಲ್ಲಿ ಒಂದೇ ಕಡೆ ತಿರುಗುವಂತೆ ಆಧಾರ ಕೊಟ್ಟು, ಅಡ್ಡ ತೊಲೆ ಕಟ್ಟಿ, ನಡುವಿನಿಂದ ಒಂದು ಮೀಟರ್ ದೂರದಲ್ಲಿ 80 ಕೆಜಿ ತೂಗಿಸಿ. ಅದು 785 ನ್ಯೂಟನ್ ಮೀಟರ್ ತಿರುಚು ಬಲ. ನಡುವಿನಿಂದ 500 ಮಿಮೀ ದೂರದಲ್ಲಿ ಡಯಲ್ ಗೇಜ್ 3.4 ಮಿಮೀ ತೋರಿಸಿದರೆ ಚಾಸಿ ಒಂದು ಡಿಗ್ರಿಗೆ ಸುಮಾರು 2,000 ನ್ಯೂಟನ್ ಮೀಟರ್ ತಡೆಯುತ್ತದೆ ಎಂದರ್ಥ. ಹಗುರ ತೆರೆದ ಕಾರಿಗೆ ಅಷ್ಟು ಸಾಕು. ಕಡಿಮೆ ಬಂದರೆ ಕೊಳವೆಯ ದಪ್ಪ ಏರಿಸುವುದು ದಡ್ಡತನ. ತ್ರಿಕೋನವಾಗದೆ ಉಳಿದ ಚೌಕ ಎಲ್ಲಿದೆ ಎಂದು ಹುಡುಕಿ. ಸಾಮಾನ್ಯವಾಗಿ ಅದು ಎಂಜಿನ್ ಅಂಕಣದ ಮೇಲ್ಭಾಗದಲ್ಲೇ ಇರುತ್ತದೆ.

ಸ್ಪ್ರಿಂಗು, ಟೈರು, ಸ್ಟೀರಿಂಗು

ಡೋನರ್ ಕಾರಿನ ತೂಕ ಸಾವಿರ ಕೆಜಿ ಆಸುಪಾಸು, ನಿಮ್ಮದು 640 ಎಂದುಕೊಳ್ಳಿ. ಹಳೆಯ ಸ್ಪ್ರಿಂಗ್ ಹಾಕಿದರೆ ಕಾರು ಮೂಗೆತ್ತಿ ನಿಲ್ಲುತ್ತದೆ, ಗುಂಡಿಗೆ ಬಿದ್ದರೆ ಪುಟಿಯುತ್ತದೆ. 80 ಕೆಜಿ ಚಾಲಕ ಸೇರಿ 720. ಮುಂದೆ ಶೇ. 48 ಎಂದರೆ ಒಂದು ಚಕ್ರಕ್ಕೆ 173 ಕೆಜಿ. ಚಕ್ರ, ಬ್ರೇಕ್, ತೋಳುಗಳ 33 ಕೆಜಿ ಕಳೆದರೆ ಸ್ಪ್ರಿಂಗ್ ಹೊರುವುದು 140. ಕಾರು ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ 1.6 ಸಲ ಮೇಲೆ ಕೆಳಗೆ ತೂಗಾಡಬೇಕು ಎಂದು ಗುರಿ ಇಟ್ಟರೆ ಚಕ್ರದ ಬಳಿ ಬೇಕಾದ ಬಿಗಿ ಮಿಲಿಮೀಟರಿಗೆ 14.1 ನ್ಯೂಟನ್. ಈಗ ಚಕ್ರವನ್ನು 50 ಮಿಮೀ ಎತ್ತಿ ಡ್ಯಾಂಪರ್ ಎಷ್ಟು ಕುಗ್ಗಿತು ಅಳೆಯಿರಿ. 35 ಎಂದಾದರೆ ಅನುಪಾತ 0.7, ಅದರ ವರ್ಗ 0.49. 14.1ನ್ನು ಅದರಿಂದ ಭಾಗಿಸಿದರೆ ಸುಮಾರು 29, ಅಂದರೆ ಇಂಚಿಗೆ 165 ಪೌಂಡಿನ ಸ್ಪ್ರಿಂಗ್. ಅಂಗಡಿಯಲ್ಲಿ 25ರ ಮೆಟ್ಟಿಲಲ್ಲಿ ಸಿಗುವುದರಿಂದ 150 ಮತ್ತು 175 ಎರಡನ್ನೂ ತಂದು ಓಡಿಸಿ ತೀರ್ಮಾನಿಸಿ. ವರ್ಗ ಮಾಡುವುದನ್ನು ಮರೆಯುವುದೇ ಎಲ್ಲರೂ ಮಾಡುವ ತಪ್ಪು.

ಟೈರಿನಲ್ಲಿ 195/50-15 ಹಾಕಿದರೆ ಸುತ್ತಳತೆ ಮೂಲದ 185/60-14ಕ್ಕೆ ಬಹುತೇಕ ಸಮ. 205/50-15 ಹಾಕಿದರೆ ಸ್ಪೀಡೋಮೀಟರ್ ಒಂದೂವರೆ ಪರ್ಸೆಂಟ್ ಕಡಿಮೆ ತೋರಿಸತೊಡಗುತ್ತದೆ. ನಿಜ ವೇಗಕ್ಕಿಂತ ಕಡಿಮೆ ತೋರಿಸುವ ಮೀಟರ್ ಪರೀಕ್ಷೆಯಲ್ಲಿ ಸೋಲುತ್ತದೆ.

ಮುಂಭಾಗ ಹಗುರವಾದ್ದರಿಂದ ಪವರ್ ಸ್ಟೀರಿಂಗ್ ಬೇಕಿಲ್ಲ. ಆದರೆ ರ್‍ಯಾಕಿನ ಎರಡು ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ಸುಮ್ಮನಾದರೆ ಒಳಗಿನ ಎಣ್ಣೆಯೇ ಅಡ್ಡಿಯಾಗಿ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ರ್‍ಯಾಕ್ ಬಿಚ್ಚಿ ಪಿಸ್ಟನ್ನಿನ ಸೀಲ್ ತೆಗೆಯಬೇಕು. ಕ್ಯಾಸ್ಟರನ್ನು ಕ್ಯಾಮ್ ಕೊಡುವಷ್ಟೂ, ಐದಾರು ಡಿಗ್ರಿವರೆಗೆ, ಏರಿಸಿ.

ಫೈಬರ್ ಬಾಡಿ

ಮಾದರಿಯ ಪ್ರತಿ ಗೋಡೆಗೂ ಎರಡು ಮೂರು ಡಿಗ್ರಿ ಓರೆ ಇಲ್ಲದಿದ್ದರೆ ಅಚ್ಚಿನಿಂದ ತುಂಡು ಬಿಡುವುದಿಲ್ಲ. ಹೊಸ ಅಚ್ಚಿಗೆ ಐದಾರು ಸಲ ವ್ಯಾಕ್ಸ್ ಹಚ್ಚಿ, ಪ್ರತಿ ಸಲ ಒಣಗಲು ಬಿಟ್ಟು ಉಜ್ಜಿ. ಜೆಲ್‌ಕೋಟ್ (ಹೊರಮೈಯ ಬಣ್ಣದ ರೆಸಿನ್ ಪದರ) ಅರ್ಧ ಮಿಲಿಮೀಟರ್ ಇರಲಿ. ತೆಳುವಾದರೆ ಮೇಲೆ ಬೀಳುವ ರೆಸಿನ್ ಅದನ್ನು ಕರಗಿಸಿ ಮೊಸಳೆ ಚರ್ಮದಂತೆ ಸುಕ್ಕುಗಟ್ಟಿಸುತ್ತದೆ. ಆಮೇಲೆ ಚದರ ಮೀಟರಿಗೆ 450 ಗ್ರಾಂ ಗಾಜಿನ ನಾರಿನ ಮ್ಯಾಟ್ ಎರಡು ಪದರ, ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್. ತುಂಡನ್ನು ಅವಸರದಲ್ಲಿ ಬಿಡಿಸಿದರೆ ಬಾನೆಟ್ ಮರುದಿನಕ್ಕೆ ಸೊಟ್ಟಗಾಗಿರುತ್ತದೆ. ಒಂದು ರಾತ್ರಿ ಅಚ್ಚಿನಲ್ಲೇ ಇರಲಿ. ಎಚ್ಚರ: ಕೋಬಾಲ್ಟ್ ಆಕ್ಸಿಲರೇಟರನ್ನೂ ಪೆರಾಕ್ಸೈಡ್ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತದೆ. ಆಕ್ಸಿಲರೇಟರ್ ಮೊದಲೇ ಬೆರೆತ ರೆಸಿನ್ನನ್ನೇ ಕೊಳ್ಳಿ.

ಐವಿಎ ಪರೀಕ್ಷೆ

ಐವಿಎ ಎಂದರೆ ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್, ಒಂದೊಂದೇ ವಾಹನವನ್ನು ನೋಡಿ ಒಪ್ಪಿಗೆ ಕೊಡುವ ಸರ್ಕಾರಿ ಪರೀಕ್ಷೆ. ರಸ್ತೆಗಿಳಿಯುವ ಮೊದಲು ಇಂಥ ಪ್ರತಿ ಕಾರೂ ಇದನ್ನು ದಾಟಬೇಕು. ಗಿರಾಕಿ ತಾನೇ ಕಟ್ಟಿದ್ದಕ್ಕೆ ಪ್ರತ್ಯೇಕ ವರ್ಗವಿದೆ, ಫೋಟೊ ಮತ್ತು ರಸೀದಿಗಳ ಪುರಾವೆ ಬೇಕು. ನೀವೇ ಪೂರ್ತಿ ಕಟ್ಟಿ ಮಾರಿದರೆ ಆ ವರ್ಗಕ್ಕೆ ಸೇರುವುದಿಲ್ಲ. ಹಾಗಾಗಿ 'ಬೇಕಾದರೆ ನಾವೇ ಜೋಡಿಸಿ ಕೊಡುತ್ತೇವೆ' ಎಂದು ಬಾಯಿ ಜಾರಬೇಡಿ.

ಸೋಲುವ ಜಾಗಗಳು ಹೆಚ್ಚುಕಡಿಮೆ ಅವೇ. 100 ಮಿಮೀ ಗೋಳ ತಾಗುವ ಹೊರಗಿನ ಅಂಚಿಗೆ ಕನಿಷ್ಠ 2.5 ಮಿಮೀ ತ್ರಿಜ್ಯದ ಉರುಟು ಬೇಕು. ವಿಶ್‌ಬೋನ್ ಬ್ರಾಕೆಟ್, ಕನ್ನಡಿಯ ಕಾಲು, ನಂಬರ್ ಪ್ಲೇಟಿನ ಮೂಲೆ ಇಲ್ಲೇ ಸಿಕ್ಕಿಬೀಳುತ್ತವೆ. ರಬ್ಬರ್ ಅಂಚು ಹಾಕಿದರೆ ಅಂಟಿಸಿ, ಕೈಯಲ್ಲಿ ಎಳೆದರೆ ಬರುವಂತಿರಬಾರದು. ಬ್ರೇಕ್ ಪೈಪಿಗೂ ವೈರಿಗೂ 300 ಮಿಮೀಗೊಂದು ಕ್ಲಿಪ್. ಸದ್ದಿನ ಮಿತಿ 99 ಡೆಸಿಬಲ್, ಸೈಲೆನ್ಸರಿನ ಬಾಯಿಂದ ಅರ್ಧ ಮೀಟರ್ ದೂರದಲ್ಲಿ. ಬ್ರೇಕ್ ಒತ್ತಿದಾಗ ಹಿಂಚಕ್ರ ಮುಂಚಕ್ರಕ್ಕಿಂತ ಮೊದಲು ಲಾಕ್ ಆಗಬಾರದು. ಡೋನರಿನ ಬ್ರೇಕನ್ನೇ ಉಳಿಸಿಕೊಂಡಾಗಲೂ ತೂಕ ಹಿಂದಕ್ಕೆ ಸರಿದಿದೆಯೋ ಮುಂದಕ್ಕೋ ನೋಡಿ ಲೆಕ್ಕ ಹಾಕಬೇಕು. ಕ್ಯಾಟಲಿಸ್ಟ್ ಇರುವ ಎಂಜಿನ್ ಹೆಚ್ಚಿನ ವೇಗದ ಐಡ್ಲಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.2 ಮೀರಬಾರದು, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಳತೆ) 0.97ರಿಂದ 1.03ರೊಳಗೆ. ಎಕ್ಸಾಸ್ಟ್ ಜೋಡಣೆಯಲ್ಲಿ ಗಾಳಿ ಸೋರಿದರೆ ಲ್ಯಾಂಬ್ಡಾ ಏರುತ್ತದೆ, ಜನ ಮಾತ್ರ ಎಂಜಿನ್ನನ್ನೇ ದೂರುತ್ತಾರೆ.

ಡೋನರಿನ ದಾಖಲೆ ಪತ್ರ ಜೋಪಾನವಾಗಿರಲಿ. ಎಲ್ಲಿಂದ ಬಂತೆಂದು ತೋರಿಸಲಾಗದ ಭಾಗಗಳ ಕಾರಿಗೆ ಕ್ಯೂ ನಂಬರ್ ಬೀಳುತ್ತದೆ, ಮರುಮಾರಾಟದ ಬೆಲೆಗೆ ಅದು ಕತ್ತರಿ.

ಬೆಲೆ, ಕೈಪಿಡಿ, ಬಿಡುಗಡೆ

ಜಿಗ್ ಮತ್ತು ಅಚ್ಚುಗಳಿಗೆ 18,000 ಪೌಂಡ್ ಹೋಯಿತು, ಒಂದು ಕಿಟ್ಟಿನ ಸಾಮಾನು-ಕೂಲಿ 1,900 ಎಂದಿಟ್ಟುಕೊಳ್ಳಿ. 3,300ಕ್ಕೆ ಮಾರಿದರೆ ಉಳಿಯುವುದು 1,400; ಹದಿಮೂರನೇ ಕಿಟ್ಟಿಗೆ ಅಸಲು ಹುಟ್ಟುತ್ತದೆ. ಗಿರಾಕಿ ಕೊಡುವುದು ಶೇ. 20 ವ್ಯಾಟ್ ಸೇರಿ 3,960, ಅವನ ಕಣ್ಣಿಗೆ ಕಾಣುವ ಬೆಲೆ ಅದೇ. ಮುಂಗಡವನ್ನು ಬೇರೆ ಖಾತೆಯಲ್ಲಿಡಿ. ಎಂಟನೆಯವನ ಮುಂಗಡದಲ್ಲಿ ಮೂರನೆಯವನ ಕೊಳವೆ ಕೊಳ್ಳುವ ಅಭ್ಯಾಸಕ್ಕೆ ಬಿದ್ದ ಕಂಪನಿ ಒಂದು ತಿಂಗಳು ಆರ್ಡರ್ ಬಾರದಿದ್ದರೂ ಮುಳುಗುತ್ತದೆ.

ಮೊದಲ ಕಾರು ನೀವು ಕಟ್ಟಿ. ಎರಡನೆಯದನ್ನು ಕೈಪಿಡಿ ಮಾತ್ರ ಕೊಟ್ಟು, ನಿಮ್ಮ ಕಂಪನಿಗೆ ಸಂಬಂಧವಿಲ್ಲದ ಒಬ್ಬರಿಂದ ಕಟ್ಟಿಸಿ. ಅವರು ಕೇಳುವ ಪ್ರತಿ ಪ್ರಶ್ನೆಯೂ ಕೈಪಿಡಿಯ ತಪ್ಪು. ಬಾಯಲ್ಲಿ ಉತ್ತರಿಸದೆ ಪುಟ ತಿದ್ದಿ. ಬೋಲ್ಟುಗಳನ್ನು ಅಧ್ಯಾಯಕ್ಕೊಂದು ಚೀಲದಲ್ಲಿ, ಚೀಲದ ನಂಬರ್ ಕೈಪಿಡಿಯಲ್ಲಿ ಬರುವಂತೆ ಕಟ್ಟಿ. ಪ್ರತಿ ಚೀಲದಲ್ಲೂ ಶೇ. 5 ಹೆಚ್ಚಿಗೆ ಹಾಕಿ. ಒಂದು ಎಂ8 ನಟ್ ಕಳೆದುಹೋಗಿ ಶನಿವಾರವೇ ಹಾಳಾದರೆ ಬೈಗುಳ ನಿಮಗೇ.

ಬಿಡುಗಡೆಗೆ ವಾರ್ವಿಕ್‌ಶೈರಿನ ಸ್ಟೋನ್ಲಿಯಲ್ಲಿ ಮೇ ಆರಂಭದಲ್ಲಿ ನಡೆಯುವ ಕಿಟ್ ಕಾರ್ ಮೇಳ ಸರಿಯಾದ ಜಾಗ. ಅಲ್ಲಿಂದ ಹಿಂದಕ್ಕೆ ಎಣಿಸಿ: ಫೆಬ್ರವರಿಯೊಳಗೆ ಡೆಮೊ ಕಾರು ಐವಿಎ ದಾಟಿರಬೇಕು, ಸೋತರೆ ಮರುಪರೀಕ್ಷೆಗೆ ಎರಡು ತಿಂಗಳು ಕೈಯಲ್ಲಿರುತ್ತದೆ, ಎರಡನೇ ಕಾರಿನ ಜೋಡಣೆ ಅದರ ಹಿಂದಿನ ಚಳಿಗಾಲಕ್ಕೆ. ನಂಬರ್ ಪ್ಲೇಟ್ ಇಲ್ಲದ ಕಾರನ್ನು ಟ್ರೇಲರಿನಲ್ಲಿ ತಂದರೆ ನೋಡುವವರು ಬರುತ್ತಾರೆ, ಕೊಳ್ಳುವವರು ಮುಂದಿನ ವರ್ಷ ಬರುತ್ತೇವೆ ಎನ್ನುತ್ತಾರೆ. ಪಕ್ಕದಲ್ಲೇ ಬಣ್ಣವಿಲ್ಲದ ಬರಿ ಚಾಸಿಯೊಂದನ್ನು ನಿಲ್ಲಿಸಿ. ತಿಳಿದವರು ಬಾಡಿ ನೋಡುವುದಿಲ್ಲ, ಬಗ್ಗಿ ವೆಲ್ಡ್ ನೋಡುತ್ತಾರೆ.

ಮೇಳದಲ್ಲಿ ಎಷ್ಟು ಆರ್ಡರ್ ಬಂದರೂ ಮೊದಲ ಐದು ಕಿಟ್ ಕಳಿಸಿ ಆರು ವಾರ ನಿಲ್ಲಿ. ಚಾಸಿಗೆ ಕ್ರಮಸಂಖ್ಯೆ ಕೊರೆದು, ಯಾವ ಸಂಖ್ಯೆಯಿಂದ ಯಾವ ಬ್ರಾಕೆಟ್ ಬದಲಾಯಿತು ಎಂಬ ಪಟ್ಟಿ ಇಡಿ. ಆ ಐವರಲ್ಲಿ ಇಬ್ಬರು ಒಂದೇ ತೂತಿಗೆ ಫೈಲ್ ಹಿಡಿದಿದ್ದರೆ ಆರನೆಯದನ್ನು ವೆಲ್ಡ್ ಮಾಡುವ ಮೊದಲು ಲೇಸರ್ ಡ್ರಾಯಿಂಗ್ ತಿದ್ದಿ, ಮೊದಲ ಐವರಿಗೂ ತಿದ್ದಿದ ತುಂಡನ್ನು ಅಂಚೆಯಲ್ಲಿ ಕಳಿಸಿ.