ಮೊದಲು ಡ್ರಿಲ್, ಉಳಿದದ್ದು ಆಮೇಲೆ

ಗೋಡೆಗೊಂದು ಕಪಾಟು ಕೂರಿಸಬೇಕು, ಸಡಿಲವಾದ ಬಾಗಿಲ ಕೀಲು ಬಿಗಿ ಮಾಡಬೇಕು, ಹಳೆಯ ಮೇಜಿನ ಬಣ್ಣ ತೆಗೆದು ಹೊಸದಾಗಿ ಬಳಿಯಬೇಕು. ಇಂಥ ಕೆಲಸಗಳನ್ನು ನಾವೇ ಮಾಡಿಕೊಳ್ಳೋಣ ಎಂದು ಹೊರಟವರು ಸಾಮಾನ್ಯವಾಗಿ ನೂರಾರು ಬಿಡಿಭಾಗ ತುಂಬಿದ ದೊಡ್ಡ ಪೆಟ್ಟಿಗೆಯನ್ನೇ ಮೊದಲು ಕೊಳ್ಳುತ್ತಾರೆ. ಅದರಲ್ಲಿ ಹೆಚ್ಚಿನವು ಪ್ಯಾಕೆಟ್ ಒಡೆಯದೆ ಹಾಗೇ ಉಳಿಯುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಯಂತ್ರ ಕೊಳ್ಳಿ, ಅದು ಕೈಗೆ ಒಗ್ಗಲಿ. ಎರಡನೆಯದನ್ನು ಯಾವಾಗ ತರಬೇಕೆಂದು ಕೆಲಸವೇ ಹೇಳುತ್ತದೆ.

ಆ ಮೊದಲ ಯಂತ್ರ ಡ್ರಿಲ್. ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಅನ್ನು ಜರ್ಮನಿಯ ಫೈನ್ ಕಂಪನಿ 1895ರಲ್ಲೇ ತಯಾರಿಸಿತ್ತು. ಪಿಸ್ತೂಲಿನಂಥ ಹಿಡಿಕೆ, ಬೆರಳಿಗೆ ಸಿಗುವ ಟ್ರಿಗರ್ ಇರುವ ವಿನ್ಯಾಸಕ್ಕೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆಯಿತು. ಇವತ್ತಿನ ಡ್ರಿಲ್ ನೋಡಿದರೂ ಅದೇ ರೂಪ.

ಕೊಳ್ಳುವಾಗ ಹ್ಯಾಮರ್ ಸೌಲಭ್ಯವಿರುವ (ತಿರುಗುತ್ತಲೇ ಸುತ್ತಿಗೆಯಂತೆ ಕುಟ್ಟುವ), ಬ್ಯಾಟರಿಯಿಂದ ನಡೆಯುವ, 13 ಮಿ.ಮೀ. ಚಕ್ ಇರುವ ಡ್ರಿಲ್ ಆರಿಸಿ. ಬಿಟ್ ಅನ್ನು, ಅಂದರೆ ಕೊರೆಯುವ ಕಡ್ಡಿಯನ್ನು, ಕಚ್ಚಿ ಹಿಡಿಯುವ ಮೂತಿಯೇ ಚಕ್. ಒಂದು ಪೆಟ್ಟಿಗೆಯ ಮೇಲೆ 18 ವೋಲ್ಟ್, ಇನ್ನೊಂದರ ಮೇಲೆ 20 ವೋಲ್ಟ್ ಎಂದಿದ್ದರೆ ಎರಡನೆಯದು ಬಲಶಾಲಿ ಎಂದುಕೊಳ್ಳಬೇಡಿ. ಎರಡರ ಬ್ಯಾಟರಿಯಲ್ಲೂ ಸಾಲಾಗಿ ಜೋಡಿಸಿದ ಐದು ಲಿಥಿಯಂ ಕೋಶಗಳಿರುತ್ತವೆ. ಒಂದಕ್ಕೆ ಸರಾಸರಿ 3.6 ವೋಲ್ಟ್ ಲೆಕ್ಕ ಹಿಡಿದರೆ 18. ಪೂರ್ತಿ ಚಾರ್ಜ್ ಆದಾಗಿನ ಸುಮಾರು 4 ವೋಲ್ಟ್ ಲೆಕ್ಕ ಹಿಡಿದರೆ 20. ಗಟ್ಟಿ ಕಾಂಕ್ರೀಟಿನಲ್ಲೇ ಹೆಚ್ಚು ಕೆಲಸವಿದ್ದರೆ ಮಾತ್ರ ಇನ್ನೂ ಜೋರಾಗಿ ಕುಟ್ಟುವ ರೋಟರಿ ಹ್ಯಾಮರ್ ಬೇಕಾಗುತ್ತದೆ. ಅದನ್ನು ಅಪರೂಪಕ್ಕೆ ಬಾಡಿಗೆಗೆ ತಂದರೆ ಸಾಕು.

ಚಕ್ಕಿನ ಹಿಂದೆ ಅಂಕಿಗಳಿರುವ ಒಂದು ಉಂಗುರ ಇರುತ್ತದಲ್ಲ, ಅದರತ್ತ ಹೊಸಬರು ಗಮನ ಕೊಡುವುದೇ ಇಲ್ಲ. ಅದು ಕ್ಲಚ್. ಸ್ಕ್ರೂ ಬಿಗಿಯಾದ ಮೇಲೆ ‘ಕಟ ಕಟ’ ಎಂದು ಸದ್ದು ಮಾಡಿ, ತಿರುಗಿಸುವ ಬಲವನ್ನು ಅಲ್ಲಿಗೇ ತಡೆಯುತ್ತದೆ. ಚಿಕ್ಕ ಅಂಕಿಯಿಂದ ಶುರು ಮಾಡಿ, ಸ್ಕ್ರೂ ಪೂರ್ತಿ ಇಳಿಯದಿದ್ದರೆ ಒಂದೊಂದೇ ಏರಿಸಿ. ಹೀಗೆ ಮಾಡಿದರೆ ಸ್ಕ್ರೂ ತಲೆ ಸವೆಯುವುದಿಲ್ಲ, ಮರವೂ ಸೀಳುವುದಿಲ್ಲ.

ಬಿಟ್‌ಗಳಲ್ಲಿ ಮೂರು ಬಗೆ ಇದ್ದರೆ ಆಯಿತು. ತುದಿಯಲ್ಲಿ ಅಗಲವಾದ ಕಾರ್ಬೈಡ್ ತುಂಡು ಬೆಸೆದಿರುವುದು ಗೋಡೆಗೆ, ನಡುವೆ ಚೂಪು ಮೊಳೆಯಂಥ ಮೊನೆ ಇರುವುದು ಮರಕ್ಕೆ, ಹೈ ಸ್ಪೀಡ್ ಸ್ಟೀಲ್‌ನದು ಲೋಹಕ್ಕೆ.

ಗೋಡೆ ಕೊರೆಯುವ ಬಗೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ.

ಮೊದಲು ಗೋಡೆಯೊಳಗೆ ಏನು ಹರಿದಿರಬಹುದು ಎಂದು ಯೋಚಿಸಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಮತ್ತು ಅದರ ಅಡ್ಡ ಸಾಲಿನಲ್ಲಿ ತಂತಿ ಇರುವ ಸಂಭವ ಹೆಚ್ಚು. ನಲ್ಲಿಯ ಆಸುಪಾಸಿನಲ್ಲಿ ನೀರಿನ ಪೈಪ್ ಇರುತ್ತದೆ. ಅನುಮಾನ ಬಂದರೆ ಜಾಗ ಬದಲಿಸಿ. ಆಮೇಲೆ ರಸಮಟ್ಟ ಇಟ್ಟು ಪೆನ್ಸಿಲ್‌ನಿಂದ ಗುರುತು ಹಾಕಿ.

ರಂಧ್ರದೊಳಗೆ ಕೂತು ಸ್ಕ್ರೂವನ್ನು ಹಿಡಿದುಕೊಳ್ಳುವುದು ಪ್ಲಗ್. 6 ಮಿ.ಮೀ. ಪ್ಲಾಸ್ಟಿಕ್ ಪ್ಲಗ್‌ಗೆ 6 ಮಿ.ಮೀ. ಬಿಟ್ಟೇ ಬೇಕು. ಪ್ಲಗ್ 30 ಮಿ.ಮೀ. ಉದ್ದವಿದ್ದರೆ ಬಿಟ್‌ನ ತುದಿಯಿಂದ 40 ಮಿ.ಮೀ. ಅಳೆದು ಅಲ್ಲಿಗೆ ಟೇಪ್ ಸುತ್ತಿ, ಒಳಗೆ ಉಳಿಯುವ ಪುಡಿಗೂ ಜಾಗ ಬೇಕಲ್ಲ. ಟೇಪ್ ಗೋಡೆ ಮುಟ್ಟಿದಾಗ ನಿಲ್ಲಿಸಿ. ಗುರುತಿನ ಕೆಳಗೆ ಕಾಗದವನ್ನು ಜೇಬಿನಂತೆ ಮಡಚಿ ಅಂಟಿಸಿದರೆ ಪುಡಿಯೆಲ್ಲ ಅದರೊಳಗೆ ಬೀಳುತ್ತದೆ.

ಹ್ಯಾಮರ್ ಹಾಕದೆ, ಮೆಲ್ಲನೆ ತಿರುಗಿಸಿ ಮೊದಲು ಒಂದು ಗುಳಿ ಮಾಡಿಕೊಳ್ಳಿ. ಬಿಟ್ ಜಾರುವುದು ನಿಂತ ಮೇಲೆ ಹ್ಯಾಮರ್‌ಗೆ ಬದಲಿಸಿ. ಟೈಲ್ಸ್ ಇದ್ದರೆ ಮೇಲೆ ಟೇಪ್ ಅಂಟಿಸಿ, ಟೈಲ್ ಪೂರ್ತಿ ದಾಟುವವರೆಗೆ ಹ್ಯಾಮರ್ ಮುಟ್ಟಲೇಬೇಡಿ. ಒಳಗೆ ಪೊಳ್ಳಿರುವ ಇಟ್ಟಿಗೆಗೂ ಹ್ಯಾಮರ್ ಬೇಡ, ಅದರ ತೆಳು ಗೋಡೆಗಳು ಒಡೆದು ಪ್ಲಗ್ ನಿಲ್ಲುವುದಿಲ್ಲ.

ಬರುವ ಪುಡಿಯ ಬಣ್ಣ ನೋಡುತ್ತಿರಿ. ಕೆಂಪಾದರೆ ಇಟ್ಟಿಗೆ ಸಿಕ್ಕಿತು. ಬೂದು ಬಣ್ಣದ ನುಣುಪು ಪುಡಿ ಬಂದು, ಬಿಟ್ ತಿಣುಕುತ್ತ ಇಳಿದರೆ ಕಾಂಕ್ರೀಟ್. ಬಿಟ್ ಇದ್ದಕ್ಕಿದ್ದಂತೆ ಮುಂದೆ ಹೋಗದೆ ನಿಂತರೆ ಕಬ್ಬಿಣದ ಸರಳಿರಬಹುದು, ಒತ್ತಬೇಡಿ, ಪಕ್ಕಕ್ಕೆ ಸರಿಯಿರಿ. ಕೊನೆಯವರೆಗೂ ಸಲೀಸಾಗಿ ಇಳಿದು ಮೆತ್ತನೆಯ ಪುಡಿಯೇ ಉದುರಿದರೆ ಅದು ಬರೀ ಗಾರೆ. ನಾನು ಕೂರಿಸಿದ ಮೊದಲ ಕಪಾಟು ಒಂದೇ ವಾರದಲ್ಲಿ ಕಿತ್ತು ಬಂದದ್ದು ಇದು ಗೊತ್ತಿಲ್ಲದೆ. ರಂಧ್ರ ಗಾರೆಯಲ್ಲೇ ಮುಗಿದಿತ್ತು, ಇಟ್ಟಿಗೆ ಮುಟ್ಟಿರಲಿಲ್ಲ. ಗಾರೆ ದಪ್ಪವಿರುವ ಗೋಡೆಗೆ ಉದ್ದದ ಪ್ಲಗ್, ಉದ್ದದ ಸ್ಕ್ರೂ ಹಾಕಿ.

ಕೊರೆದಾದ ಮೇಲೆ ರಂಧ್ರದ ಪುಡಿ ತೆಗೆಯದೆ ಪ್ಲಗ್ ಹಾಕಬೇಡಿ. ಸಣ್ಣ ಬ್ರಷ್ ಅಥವಾ ವ್ಯಾಕ್ಯೂಮ್ ಬಳಸಿ. ಬಾಯಿಂದ ಊದಿದರೆ ಅಷ್ಟೂ ಕಣ್ಣಿಗೇ ಬರುತ್ತದೆ.

ಆಮೇಲಿನವು

ಪ್ಲೈವುಡ್ ಕತ್ತರಿಸುವ ಕೆಲಸ ಬಂದಾಗ ಜಿಗ್‌ಸಾ ತನ್ನಿ. ಸ್ವಿಟ್ಜರ್ಲೆಂಡ್‌ನ ಆಲ್ಬರ್ಟ್ ಕಾಫ್‌ಮನ್ 1940ರ ದಶಕದಲ್ಲಿ ಹೊಲಿಗೆ ಯಂತ್ರದ ಸೂಜಿಯ ಜಾಗಕ್ಕೆ ಗರಗಸದ ಅಲಗು ಸಿಕ್ಕಿಸಿ ನೋಡಿದಾಗ ಹುಟ್ಟಿದ ಯಂತ್ರವಿದು. ಸೂಜಿಯಂತೆಯೇ ಅಲಗು ಮೇಲೆ ಕೆಳಗೆ ಆಡುತ್ತದೆ, ಕೊಯ್ಯುವುದು ಮೇಲಕ್ಕೆ ಬರುವಾಗ. ಹಾಗಾಗಿ ಸಿಬಿರು ಏಳುವುದು ಹಲಗೆಯ ಮೇಲ್ಮೈಯಲ್ಲಿ. ಅಂದದ ಮುಖವನ್ನು ಕೆಳಗೆ ಮಾಡಿ, ಹಿಂಬದಿಯಲ್ಲಿ ಗೆರೆ ಎಳೆದು ಕತ್ತರಿಸಿ. ಹಲಗೆಯನ್ನು ಕ್ಲಾಂಪ್ ಹಾಕಿ ಮೇಜಿಗೆ ಬಿಗಿಯದೆ ಯಂತ್ರ ಶುರು ಮಾಡಬೇಡಿ. ಉದ್ದಕ್ಕೆ ನೇರವಾಗಿ ಸೀಳಲು ದುಂಡು ಅಲಗಿನ ಸರ್ಕ್ಯುಲರ್ ಸಾ ವಾಸಿ ನಿಜ. ಆದರೆ ಅಲಗು ಮರದಲ್ಲಿ ಸಿಕ್ಕಿಕೊಂಡರೆ ಯಂತ್ರ ನಿಮ್ಮ ಕಡೆಗೇ ಚಿಮ್ಮುತ್ತದೆ. ಮೊದಲ ವರ್ಷ ಅದು ಬೇಡ.

ಮರದ ಕೆಲಸ ಹೆಚ್ಚಿದರೆ, ಉಜ್ಜಿ ನಯ ಮಾಡುವ ರ್‍ಯಾಂಡಮ್ ಆರ್ಬಿಟ್ ಸ್ಯಾಂಡರ್ ಕೈ ನೋವು ಉಳಿಸುತ್ತದೆ. 80ನೇ ನಂಬರಿನ ಉಪ್ಪುಕಾಗದದಿಂದ ಶುರು ಮಾಡಿ 120, ಆಮೇಲೆ 180. ನಡುವಿನದನ್ನು ಹಾರಿಸಿದರೆ ಮೊದಲ ಕಾಗದದ ಗೀರುಗಳು ಪಾಲಿಶ್ ಹಚ್ಚಿದ ಮೇಲೆ ಎದ್ದು ಕಾಣುತ್ತವೆ. ಯಂತ್ರವನ್ನು ಒತ್ತಬೇಡಿ, ಅದರ ಭಾರವೇ ಸಾಕು. ತುಂಬಾ ಹಳೆಯ ಬಣ್ಣವಾದರೆ ಅದರಲ್ಲಿ ಸೀಸ ಇರಬಹುದು, ಪರೀಕ್ಷಿಸದೆ ಉಜ್ಜಬಾರದು.

ಆ್ಯಂಗಲ್ ಗ್ರೈಂಡರ್, ಅಂದರೆ ತಿರುಗುವ ಡಿಸ್ಕಿನಿಂದ ಲೋಹ, ಕಲ್ಲು ಕತ್ತರಿಸುವ ಯಂತ್ರ, ಕೊನೆಗೆ. ಸಣ್ಣ ಗ್ರೈಂಡರ್‌ನ ಡಿಸ್ಕ್ ಕೂಡ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಡಿಸ್ಕಿನ ಮೇಲೆ ಬರೆದ ವೇಗ ಯಂತ್ರದ ವೇಗಕ್ಕಿಂತ ಕಡಿಮೆ ಇರಕೂಡದು. ಅಡ್ಡಿ ಎನಿಸಿದರೂ ಡಿಸ್ಕ್ ಮುಚ್ಚುವ ಗಾರ್ಡ್ ಬಿಚ್ಚಬೇಡಿ. ಮರ ಕತ್ತರಿಸುವ ಹಲ್ಲಿನ ಅಲಗನ್ನು ಇದಕ್ಕೆ ಯಾವ ಕಾರಣಕ್ಕೂ ಹಾಕಬೇಡಿ, ಬೆರಳುಗಳನ್ನೇ ಕಳೆದುಕೊಳ್ಳಬೇಕಾದೀತು.

ಕೆಲಸಕ್ಕೆ ಕೂರುವ ಮುನ್ನ

ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್, ಕಿವಿಗೆ ಪ್ಲಗ್ ಹಾಕಿಕೊಳ್ಳಿ. ಡ್ರಿಲ್ ಹಿಡಿಯುವಾಗ ಮಾತ್ರ ಬಟ್ಟೆಯ ಗ್ಲೌಸ್ ಬೇಡ. ತಿರುಗುವ ಬಿಟ್‌ಗೆ ಒಂದು ನೂಲು ಸಿಕ್ಕರೂ ಕೈಯನ್ನೇ ಎಳೆದುಕೊಳ್ಳುತ್ತದೆ. ಸಡಿಲ ತೋಳಿನ ಅಂಗಿಯೂ, ಬಿಟ್ಟ ಕೂದಲೂ ಹಾಗೆಯೇ. ವೈರ್ ಇರುವ ಯಂತ್ರವಾದರೆ ಎಕ್ಸ್‌ಟೆನ್ಷನ್ ಸುರುಳಿಯನ್ನು ಪೂರ್ತಿ ಬಿಚ್ಚಿ, ಸುತ್ತಿದ ವೈರ್ ಬಿಸಿಯಾಗಿ ಕರಗಬಹುದು. ಬಿಟ್ ಅಥವಾ ಅಲಗು ಬದಲಿಸುವಾಗ ಒಂದೇ ನಿಮಿಷದ ಕೆಲಸವಾದರೂ ಬ್ಯಾಟರಿ ತೆಗೆದು ಪಕ್ಕಕ್ಕಿಡಿ.