ಮಲ್ಪೆಯ ಬೋಟ್ ಲೆಕ್ಕ: ನಮ್ಮ ಅಂತಿಮ ವರ್ಷದ ಪ್ರಾಜೆಕ್ಟನ್ನು ಮುಗಿಸಿದ ಬಗೆ

ಉಡುಪಿ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದ ನಾವು ನಾಲ್ವರು ಅಂತಿಮ ವರ್ಷದ ಪ್ರಾಜೆಕ್ಟಿಗೆ ಮಲ್ಪೆ ಬಂದರಿನ ಆಳಸಮುದ್ರ ಬೋಟುಗಳ ಟ್ರಿಪ್ ಲೆಕ್ಕವನ್ನು ಫೋನಿನಲ್ಲಿ ಮಾಡುವ ಆ್ಯಪನ್ನು ಆರಿಸಿಕೊಂಡೆವು. ಮೀನು ಮಾರಿ ಬಂದ ಹಣದಲ್ಲಿ ಡೀಸೆಲ್, ಐಸ್, ರೇಷನ್ ಮುಂತಾದ ಖರ್ಚನ್ನು ಕಳೆದು, ಉಳಿದದ್ದನ್ನು ಮಾಲೀಕರಿಗೂ ತಾಂಡೇಲ (ಬೋಟು ನಡೆಸುವವನು) ಮತ್ತು ಕಲಾಸಿಗಳಿಗೂ (ಬೋಟಿನ ಕೆಲಸಗಾರರು) ಪಾಲು ಮಾಡುವ ಈ ಲೆಕ್ಕ, ನಾವು ನೋಡಿದ ಬೋಟುಗಳಲ್ಲಿ ನೋಟ್‌ಬುಕ್ಕಿನಲ್ಲೇ ನಡೆಯುತ್ತಿತ್ತು.

ಯೋಜನೆಯನ್ನು ನಾವು ಕೊನೆಯಿಂದ ಮೊದಲಿಗೆ ಹಾಕಿದೆವು. ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ, ನಿಜವಾದ ಟ್ರಿಪ್‌ಗಳ ಮೇಲೆ ಆ್ಯಪನ್ನು ಪರೀಕ್ಷಿಸುವ ಕೆಲಸ ಅದಕ್ಕೆ ಬಹಳ ಮುಂಚೆಯೇ ಮುಗಿಯಬೇಕಿತ್ತು. ಎಂಟನೆಯ ಸೆಮಿಸ್ಟರಿನ ವೈವಾ (ಮೌಖಿಕ ಪರೀಕ್ಷೆ) ಕೂಡ ಅದೇ ಹೊತ್ತಿಗೆ ಬರುತ್ತಿತ್ತು. ಹೀಗಾಗಿ ಏಳನೆಯ ಸೆಮಿಸ್ಟರ್ ಮುಗಿಯುವುದರೊಳಗೆ ಒಂದು ಟ್ರಿಪ್ಪಿನ ಖರ್ಚು, ಮಾರಾಟ ಮತ್ತು ಪಾಲು ಆದಿಯಿಂದ ಅಂತ್ಯದವರೆಗೆ ಫೋನಿನಲ್ಲಿ ಓಡಬೇಕು, ಪರದೆಗಳು ಎಷ್ಟೇ ಒರಟಾಗಿದ್ದರೂ ಪರವಾಗಿಲ್ಲ ಎಂದು ನಿಶ್ಚಯಿಸಿದೆವು. ಎರಡು ದಿನಕ್ಕಿಂತ ದೊಡ್ಡದೆನಿಸಿದ ಪ್ರತಿಯೊಂದು ಕೆಲಸವನ್ನೂ ಒಡೆದು ಬರೆದುಕೊಂಡೆವು, ಏಕೆಂದರೆ ಒಡೆಯಲಾಗದ ಕೆಲಸವೆಂದರೆ ನಮಗೆ ಇನ್ನೂ ಅರ್ಥವಾಗದ ಕೆಲಸವೇ ಆಗಿರುತ್ತಿತ್ತು.

ಮೊದಲ ಪ್ರಸ್ತಾವದಲ್ಲಿ ಮೀನಿನ ದರವನ್ನು ಮುಂಚಿತವಾಗಿ ಹೇಳುವ ಮಷಿನ್ ಲರ್ನಿಂಗ್ (ಹಳೆಯ ದತ್ತಾಂಶದಿಂದ ಕಂಪ್ಯೂಟರ್ ಕಲಿಯುವ) ಭಾಗವೂ ಇತ್ತು. ದರಗಳ ನಂಬಲರ್ಹವಾದ ಹಳೆಯ ದಾಖಲೆ ನಮ್ಮ ಕೈಯಲ್ಲಿರಲಿಲ್ಲವಾದ್ದರಿಂದ ಅದನ್ನು ಕೈಬಿಡಲು ನಮ್ಮ ಗೈಡ್ ಅನುಮತಿ ಕೊಟ್ಟರು. ಇಂಥ ಭಾಗವನ್ನು ವರದಿಯ ಶೋಭೆಗಾಗಿ ಉಳಿಸಿಕೊಳ್ಳುವ ತಂಡಗಳು ಕಡಿಮೆಯಿಲ್ಲ. ವೈವಾದಲ್ಲಿ ಮೊದಲು ಕುಸಿಯುವುದೂ ಬಹುಮಟ್ಟಿಗೆ ಅದೇ.

ನಿಜವಾದ ಶ್ರಮ ಹೋದದ್ದು ಪಾಲಿನ ಲೆಕ್ಕಕ್ಕೆ. ಪಾಲಿನ ಪ್ರಮಾಣ ಬೋಟಿನಿಂದ ಬೋಟಿಗೆ ಬೇರೆಯಾಗುವುದರಿಂದ ಅದನ್ನು ಕೋಡಿನೊಳಗೆ ಬರೆಯದೆ, ಪ್ರತಿ ಬೋಟಿಗೂ ಪ್ರತ್ಯೇಕವಾಗಿ ತುಂಬಬಹುದಾದ ದತ್ತಾಂಶವಾಗಿ ಇಟ್ಟೆವು. ಲೆಕ್ಕ ಮಾಡುವ ಭಾಗಕ್ಕೆ ಪರದೆಯ ಸಂಬಂಧವನ್ನಾಗಲಿ ಡೇಟಾಬೇಸಿನ ಸಂಬಂಧವನ್ನಾಗಲಿ ಇಡಲಿಲ್ಲ. ಬಳಿಕ ಮಾಲೀಕರೊಬ್ಬರ ಒಪ್ಪಿಗೆ ಪಡೆದು, ಹೆಸರುಗಳನ್ನು ತೆಗೆದು, ಹಳೆಯ ನೋಟ್‌ಬುಕ್ಕುಗಳ ಟ್ರಿಪ್‌ಗಳನ್ನು ಕೋಡನ್ನು ಪರಿಶೀಲಿಸುವ ಪರೀಕ್ಷೆಗಳಾಗಿ ಬರೆದೆವು; ಪ್ರಶ್ನೆಯೂ ಸರಿಯುತ್ತರವೂ ಒಂದೇ ಪುಟದಲ್ಲಿ ಸಿದ್ಧವಾಗಿ ಸಿಗುವ ಇಂಥ ಅನುಕೂಲ ಕಾಲೇಜು ಪ್ರಾಜೆಕ್ಟಿಗೆ ಅಪರೂಪ. ಕೆಲವು ಟ್ರಿಪ್‌ಗಳಲ್ಲಿ ನಮ್ಮ ಮೊತ್ತಕ್ಕೂ ಪುಸ್ತಕದ ಮೊತ್ತಕ್ಕೂ ತಾಳೆಯಾಗಲಿಲ್ಲ. ಲೆಕ್ಕ ಬರೆಯುವ ಹಿರಿಯರಿಗೆ ತೋರಿಸಿದಾಗ, "ಕಲಾಸಿಗಳಿಗೆ ಕೊಟ್ಟ ಮುಂಗಡ ಎಲ್ಲಿ ಕಳೆದಿದ್ದೀರಿ ಮಾರಾಯ್ರೇ?" ಎಂದು ಕೇಳಿದರು. ಮುಂಗಡದ ಮಾತನ್ನು ಹಿಂದಿನ ಯಾವ ಸಂದರ್ಶನದಲ್ಲೂ ಯಾರೂ ಎತ್ತಿರಲಿಲ್ಲ, ಏಕೆಂದರೆ ಅವರಿಗೆ ಅದು ಹೇಳಬೇಕಾದ ಸಂಗತಿಯೇ ಅಲ್ಲ. ಮುಂಗಡವನ್ನು ಬೋಟಿನ ಖರ್ಚಿನಲ್ಲಿ ಸೇರಿಸದೆ, ಆಯಾ ಕಲಾಸಿಯ ಪಾಲು ನಿಗದಿಯಾದ ಮೇಲೆ ಅವನ ಪಾಲಿನಿಂದ ಮಾತ್ರ ಕಳೆಯಬೇಕೆಂಬುದು ಅಂದು ಖಚಿತವಾಯಿತು.

ಹಣವನ್ನು ದಶಮಾಂಶ ಸಂಖ್ಯೆಯಾಗಿ ಇಡದೆ ಪೈಸೆಗಳ ಪೂರ್ಣಾಂಕವಾಗಿ ಇಟ್ಟೆವು. ಕಂಪ್ಯೂಟರ್ ದಶಮಾಂಶಗಳನ್ನೂ ದ್ವಿಮಾನದಲ್ಲಿ, ಅಂದರೆ 0 ಮತ್ತು 1ರಲ್ಲಿ, ಇಡುವುದರಿಂದ ಅದರ ಸಾಮಾನ್ಯ ಗಣಿತದಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಪೂರ್ಣಾಂಕಕ್ಕೂ ತನ್ನದೇ ತೊಡಕುಂಟು: 10,000 ರೂಪಾಯಿಯನ್ನು ಏಳು ಸಮಪಾಲು ಮಾಡಿದರೆ ತಲಾ 1,428 ರೂಪಾಯಿ 57 ಪೈಸೆಯಾಗಿ ಒಂದು ಪೈಸೆ ಉಳಿಯುತ್ತದೆ. ಉಳಿಕೆಯನ್ನು ಮುಂದಿನ ಟ್ರಿಪ್ಪಿಗೆ ಒಯ್ಯುವ ನಿಯಮವನ್ನು ಲೆಕ್ಕದವರನ್ನೇ ಕೇಳಿ ಸೇರಿಸಿದೆವು.

ದಡದಿಂದ ದೂರ ಹೋದಂತೆ ಮೊಬೈಲ್ ಸಿಗ್ನಲ್ ಇರುವುದಿಲ್ಲವಾದ್ದರಿಂದ ಎಲ್ಲ ನಮೂದುಗಳೂ ಮೊದಲು ಫೋನಿನೊಳಗಿನ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಸೇರಿ, ಬಂದರಿಗೆ ಮರಳಿದ ಮೇಲೆ ಸರ್ವರಿಗೆ ಹೋಗುತ್ತಿದ್ದವು. ಪ್ರತಿ ನಮೂದಿಗೆ ಫೋನೇ 128 ಬಿಟ್‌ಗಳ ಯುಯುಐಡಿ ಎಂಬ, ಮತ್ತೆ ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಉದ್ದದ ಗುರುತನ್ನು ಕೊಡುತ್ತಿದ್ದುದರಿಂದ ಎರಡು ಫೋನುಗಳ ನಮೂದುಗಳ ಗುರುತು ಒಂದಕ್ಕೊಂದು ಡಿಕ್ಕಿಯಾಗಲಿಲ್ಲ. ಬರೆದದ್ದನ್ನು ತಿದ್ದುವ ಅವಕಾಶವನ್ನೇ ಇಡಲಿಲ್ಲ. ಹಳೆಯ ಖಾತೆ ಪುಸ್ತಕದಲ್ಲಿ ಅಳಿಸದೆ ಕೆಳಗೆ ಹೊಸ ಸಾಲು ಬರೆಯುವಂತೆ, ತಿದ್ದುಪಡಿಯೂ ಒಂದು ಹೊಸ ನಮೂದೇ ಆಗಿತ್ತು. ಇದರಿಂದ ಸಿಂಕ್ ಮಾಡುವ, ಅಂದರೆ ಫೋನಿನ ನಮೂದುಗಳನ್ನು ಸರ್ವರಿಗೆ ಸೇರಿಸುವ ಕೋಡ್ ಅರ್ಧದಷ್ಟು ಸರಳವಾಯಿತು.

ಪಾಲಿನ ಚೀಟಿಯನ್ನು ಕನ್ನಡದಲ್ಲಿ ಪಿಡಿಎಫ್ ಮಾಡುವಾಗ ಒತ್ತಕ್ಷರಗಳು ಚದುರಿದವು, ಏಕೆಂದರೆ ನಾವು ಬಳಸಿದ ಲೈಬ್ರರಿಗೆ (ಸಿದ್ಧ ಕೋಡಿನ ಸಂಗ್ರಹಕ್ಕೆ) ಅಕ್ಷರಗಳನ್ನು ಜೋಡಿಸುವ ಸಾಮರ್ಥ್ಯವಿರಲಿಲ್ಲ. ಚೀಟಿಯನ್ನು ಎಚ್‌ಟಿಎಂಎಲ್ ಪುಟವಾಗಿ ರಚಿಸಿ ಬ್ರೌಸರ್ ಎಂಜಿನ್ನಿನಿಂದಲೇ ಮುದ್ರಿಸಿದಾಗ ಎಲ್ಲವೂ ಸರಿಯಾಯಿತು.

ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ) ನಾವಿಟ್ಟುಕೊಂಡ ನಿಯಮ ಒಂದೇ: ಇನ್ನೊಬ್ಬರು ಓದದೆ, ಕೋಡಿನ ಪರೀಕ್ಷೆಗಳು ಪಾಸಾಗದೆ ಯಾವ ಬದಲಾವಣೆಯೂ ಕೋಡಿನ ಮುಖ್ಯ ಶಾಖೆಗೆ ಸೇರಕೂಡದು. ವರದಿಯ ಅಧ್ಯಾಯಗಳನ್ನು ಆಯಾ ಭಾಗ ಮುಗಿದ ವಾರದಲ್ಲೇ ಬರೆದಿದ್ದರಿಂದ ಕೊನೆಗೆ ಉಳಿದದ್ದು ಪುಟ ಜೋಡಣೆ ಮಾತ್ರ. ವೈವಾದಲ್ಲಿ ಸಮುದ್ರದಲ್ಲಿರುವಂತೆ ಸಿಗ್ನಲ್ ಇಲ್ಲದಿರಲೆಂದು ಫೋನನ್ನು ಫ್ಲೈಟ್ ಮೋಡಿಗೆ ಹಾಕಿಯೇ ಪ್ರದರ್ಶನ ಕೊಟ್ಟೆವು. ಪರೀಕ್ಷಕರು ಫೋನು ನೀರಿಗೆ ಬಿದ್ದರೆ ಏನಾಗುತ್ತದೆಂದು ಕೇಳಿದಾಗ, ಕೊನೆಯ ಸಿಂಕ್ ಆದ ಮೇಲಿನ ನಮೂದುಗಳು ಹೋಗುತ್ತವೆ, ಆದ್ದರಿಂದಲೇ ಪರೀಕ್ಷೆಯ ಅವಧಿಯುದ್ದಕ್ಕೂ ನೋಟ್‌ಬುಕ್ಕನ್ನು ನಿಲ್ಲಿಸದಂತೆ ಮಾಲೀಕರಿಗೆ ಹೇಳಿದ್ದೆವು ಎಂದು ಉತ್ತರಿಸಿದೆವು.